ಚೇಳಿನ ವಿಷಕ್ಕೆ ಕೇಳದೆ ಉಳಿದ ಪ್ರಶ್ನೆ

ಒಂದೂರಲ್ಲಿ ಹದಿನಾಲ್ಕು ವರ್ಷ ವಿಷವನ್ನೇ ನಂಬಿ ಬಾಳಿದ ಒಬ್ಬ ತಾಯಿ ಇದ್ದರು. ಗಾಬರಿಯಾಗಬೇಡಿ, ಯಾರಿಗೂ ವಿಷ ಹಾಕಿದವರಲ್ಲ. ಆಕೆ ವಿಜ್ಞಾನಿ. ಚೇಳು ಕಡಿದರೆ ನರನರವೂ ಉರಿಯುತ್ತದಲ್ಲ, ಆ ವಿಷದೊಳಗೆ ಏನಿದೆ, ಅದರಿಂದ ನೋವಿಗೊಂದು ಔಷಧಿ ಸಿಕ್ಕೀತೇ ಎಂದು ಹುಡುಕುವುದೇ ಆಕೆಯ ಕೆಲಸ.

ನೋಡಿ, ಚೇಳಿನ ವಿಷ ಎಂದರೆ ಒಂದೇ ವಸ್ತು ಎಂದುಕೊಂಡಿದ್ದೇವೆ. ಅಲ್ಲ. ಸಾಸಿವೆಯಷ್ಟು ಹನಿಯಲ್ಲಿ ನೂರಾರು ವಸ್ತುಗಳಿರುತ್ತವೆ. ಆಕೆ ಒಂದೊಂದನ್ನೂ ಬೇರೆ ಮಾಡಿ ಪುಟ್ಟ ಸೀಸೆಗಳಿಗೆ ತುಂಬುವರು. ಗಾಜಿನ ತಟ್ಟೆಯಲ್ಲಿ ಬೆಳೆಸಿದ ನರಕೋಶಗಳ ಮೇಲೆ ಒಂದು ತೊಟ್ಟು ಬಿಡುವರು. ಕೋಶ ಕೆರಳಿದರೆ ಯಂತ್ರದ ಪರದೆಯ ಮೇಲೆ ಗೆರೆ ಚಂಗನೆ ಏಳುತ್ತದೆ. ಉರಿಸುವುದು ಯಾವುದೆಂದು ತಿಳಿದರೆ ಅದಕ್ಕೊಂದು ತಡೆ ಕಟ್ಟಬಹುದು ಎಂಬ ಆಸೆ. ಗೆರೆ ಎದ್ದ ಸೀಸೆಗೆ ಮರ್ಯಾದೆ. ಏಳದ್ದಕ್ಕೆ? ‘ಪ್ರಯೋಜನವಿಲ್ಲ’ ಎಂಬ ಚೀಟಿ, ಫ್ರೀಜರಿನ ತಳ. ಹಾಗೆ ತಳ ಸೇರಿದ ಸೀಸೆಗಳು ಮುನ್ನೂರು!

ಔಷಧಿ ಸಿಗಲಿಲ್ಲ. ಸಂಸ್ಥೆಯ ಹಿರಿಯರು ಬಂದು, “ಅಮ್ಮಾ, ಇನ್ನು ಸಾಕು. ಸೋಮವಾರ ಫ್ರೀಜರ್ ಖಾಲಿ ಮಾಡಿಬಿಡಿ, ಬೇರೆಯವರಿಗೆ ಜಾಗ ಬೇಕು” ಎಂದರು. ಹದಿನಾಲ್ಕು ವರ್ಷದ ಬದುಕು ಸೋಮವಾರಕ್ಕೆ ಮುಗಿಯಿತು ಎನ್ನಿ.

ಶನಿವಾರ, ಆಕೆಗೆ ಚೇಳು ತಂದುಕೊಡುವ ಹೆಂಗಸು ಬಂದಳು. ಕಲ್ಲು ಕ್ವಾರಿಯಲ್ಲಿ ಬಂಡೆ ಒಡೆಯುವವಳು. ಹೆಸರು ದ್ಯಾವಮ್ಮ ಎಂದಿಟ್ಟುಕೊಳ್ಳಿ.

“ಇನ್ನು ತರಬೇಡ ದ್ಯಾವಮ್ಮಾ. ಕೆಲಸ ಮುಗೀತು.”

“ಹಂಗಂದ್ರ ಹೆಂಗ್ರಿ ಅಕ್ಕಾರ? ಈ ಡಬ್ಬಿ ಚೇಳಿನ ಕೂಡ ನಾ ಏನು ಸಂಸಾರ ಮಾಡ್ಲಿ?”

“ಈ ವಿಷದಲ್ಲಿ ಬರೀ ಉರಿ ಇದೆ ಕಣೇ. ಔಷಧಿ ಇಲ್ಲ.”

“ಯಾರು ಹೇಳಿದ್ರಿ ನಿಮಗ? ನನಗ ಏಳು ಸಲ ಕಡದೈತಿ. ಮೊದಲನೇ ದಿನ ಜೀವ ಹೋದಂಗ ಆಕ್ಕೈತಿ, ಖರೆ. ಮರುದಿನ ಅದೇ ಬೆರಳ ಮ್ಯಾಲ ಸುತ್ತಿಗಿ ಬಿದ್ರೂ ಗೊತ್ತಾಗಂಗಿಲ್ಲ. ರಕ್ತ ಕಂಡ ಮ್ಯಾಲೆ, ಓ, ಪೆಟ್ಟು ಬಿತ್ತಲ್ಲ ಅಂತ ತಿಳಿತೈತಿ.”

“ಇಷ್ಟು ವರ್ಷ ಯಾಕೆ ಹೇಳಲಿಲ್ಲ?”

“ಎಷ್ಟು ಉರೀತು, ಎಲ್ಲಿ ಉರೀತು, ಇಷ್ಟ ಕೇಳಿದ್ರಿ ನೀವು. ಉರಿ ಹೋದ ಮ್ಯಾಲೆ ಏನಾತು ಅಂತ ಒಂದಿನಾರ ಕೇಳೀರೇನು?”

ಆ ತಾಯಿ ಎದ್ದು ಹೋಗಿ ಫ್ರೀಜರಿನ ಬಾಗಿಲು ತೆರೆದರು. ಯಾಕೆ ಹೇಳಿ? ತನ್ನ ತಪ್ಪು ಹೊಳೆದುಬಿಟ್ಟಿತ್ತು. ಪ್ರತಿ ಸೀಸೆಗೂ ಆಕೆ ಕೇಳಿದ್ದು ಒಂದೇ ಮಾತು: ನೀನು ನೋಯಿಸುತ್ತೀಯಾ? ನೋವನ್ನು ತಣಿಸುತ್ತೀಯಾ ಎಂದು ಕೇಳಿಯೇ ಇರಲಿಲ್ಲ. ಮೊದಲೇ ಸುಮ್ಮನಿದ್ದ ಕೋಶವನ್ನು ಸುಮ್ಮನಾಗಿಸಿದರೆ ಪರದೆಯ ಮೇಲೆ ಏನು ಕಂಡೀತು ಸ್ವಾಮಿ?

ಭಾನುವಾರ ತಳದ ಸೀಸೆಗಳು ಮೇಲೆ ಬಂದವು. ಈ ಸಲ ಕೋಶಗಳ ಮೇಲೆ ಮೊದಲು ಮೆಣಸಿನಕಾಯಿಯ ಖಾರದ ಸಾರ. ಗೆರೆ ಕುಣಿಯತೊಡಗಿತು. ಆಮೇಲೆ ಸೀಸೆಯ ಒಂದು ತೊಟ್ಟು. ಒಂದನೆಯದು, ಇಲ್ಲ. ಹತ್ತನೆಯದು, ಇಲ್ಲ. ಮೂವತ್ತನೆಯದು, ಇಲ್ಲ. ನಲವತ್ತೊಂದನೆಯದಕ್ಕೆ ಕುಣಿಯುತ್ತಿದ್ದ ಗೆರೆ ಮೆಲ್ಲಗೆ ಮಲಗಿತು. ಎಳೆಗೂಸು ಮಲಗಿದ ಹಾಗೆ.

ಸೋಮವಾರ ಆ ಹಿರಿಯರು ಪರದೆಯ ಮುಂದೆ ನಿಂತು, “ಇನ್ನೊಮ್ಮೆ ತೋರಿಸಿ” ಎಂದರು. ಮೂರು ಸಲ ನೋಡಿ, “ಫ್ರೀಜರನ್ನು ಯಾರೂ ಮುಟ್ಟಬೇಡಿ” ಎಂದು ಹೇಳಿ ಹೋದರು. ಔಷಧಿ ಇನ್ನೂ ಅಂಗಡಿಗೆ ಬಂದಿಲ್ಲ. ಪರೀಕ್ಷೆಗಳು ಬಹಳ ಇವೆ. ಆದರೆ ದಾರಿ ತೆರೆಯಿತು.

ಈಗ ನಿಮ್ಮ ಮನೆಗೆ ಬರೋಣ. ಮಠಕ್ಕೆ ಬಂದು ನನ್ನೆದುರು ‘ನಮ್ಮತ್ತೆ ಚೇಳು, ಬುದ್ಧೀ’ ಎನ್ನುತ್ತೀರಿ. ನಗಬೇಡಿ, ಅತ್ತೆಯೂ ಸೊಸೆಯ ಬಗ್ಗೆ ಅದನ್ನೇ ಹೇಳಿಹೋಗಿದ್ದಾರೆ! ಅವರ ಯಾವ ಮಾತು ಉರಿಸಿತು, ಎಲ್ಲ ನೆನಪಿದೆ ನಿಮಗೆ. ನಿಮಗೆ ಜ್ವರ ಬಂದ ದಿನ ತಲೆದೆಸೆಯಲ್ಲಿ ಯಾರು ಕುಳಿತಿದ್ದರು? ನೆನಪಿದೆಯೇ? ನೀವು ಚೆನ್ನಾಗಿರುವಾಗ ಮಾತ್ರ ಅವರನ್ನು ಪರೀಕ್ಷೆ ಮಾಡಿದರೆ ಅವರ ತಂಪು ಹೇಗೆ ಕಂಡೀತು? ಹೊಡೆಯುವವರನ್ನು ಸಹಿಸಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಚೇಳನ್ನು ಬರಿಗೈಯಲ್ಲಿ ಹಿಡಿಯಿರಿ ಎಂದು ಆ ವಿಜ್ಞಾನಿಯೂ ಹೇಳಲಿಲ್ಲ.

ಇಷ್ಟು ಮಾಡಿ. ಇವರಿಂದ ಏನೂ ಪ್ರಯೋಜನವಿಲ್ಲ ಎಂದು ಯಾರಿಗೆ ಚೀಟಿ ಅಂಟಿಸಿದ್ದೀರೋ, ಇವತ್ತು ಊಟಕ್ಕೆ ಅವರ ಪಕ್ಕದಲ್ಲಿ ಕುಳಿತುಕೊಳ್ಳಿ. ಹಿಂದೆಂದೂ ಕೇಳದ ಒಂದು ಮಾತು ಕೇಳಿ. ಅತ್ತೆಯಾದರೆ, ‘ನೀವು ಈ ಮನೆಗೆ ಬಂದ ಹೊಸದರಲ್ಲಿ ನಿಮಗೆ ಯಾರು ಬಡಿಸುತ್ತಿದ್ದರು?’ ಅಷ್ಟು ಸಾಕು. ಕೇಳಿ ಎದ್ದು ಹೋಗಬೇಡಿ. ಉಂಡ ಕೈ ಒಣಗಿದರೂ ಪರವಾಗಿಲ್ಲ, ಅವರು ಹೇಳಿ ಮುಗಿಸುವವರೆಗೆ ಕೂತಿರಿ.