ಐಲ್ಸಾ ಅವರ ಶ್ರುತಿಗೆ

ಸಭಾಧ್ಯಕ್ಷರಾದ ಶ್ರೀನಿವಾಸ್ ಅವರೇ, ಅತಿಥಿಗಳೇ, ಟೌರಂಗಾ ಕನ್ನಡ ಬಳಗದ ಬಂಧುಗಳೇ, ಹೋಳಿಗೆಯ ವಾಸನೆಗೆ ಆಗಲೇ ಅಡುಗೆಮನೆ ಕಡೆ ತಿರುಗಿ ಕುಳಿತಿರುವ ಸಭಿಕರೇ,

ಮೂರನೆಯ ಸಾಲಿನ ತುದಿಯಲ್ಲಿ ಬೆಳ್ಳಿಕೂದಲಿನ ಒಬ್ಬರು ಕುಳಿತಿದ್ದಾರೆ. ಹೆಸರು ಐಲ್ಸಾ. ಅವರಿಗೆ ಕನ್ನಡ ಬಾರದು. ಪಕ್ಕದಲ್ಲಿ ನನ್ನ ಮಗಳು ಶಿವಾನಿ ಕಿವಿಯಲ್ಲಿ ಇಂಗ್ಲಿಷ್ ಮಾಡಿ ಹೇಳುತ್ತಿದ್ದಾಳೆ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟು ಬೆಳೆದ ಹುಡುಗಿ. ಆ ರೋಗ ಇವತ್ತು ಉಪಯೋಗಕ್ಕೆ ಬಂದಿದೆ. ಶಿವಾನಿ, ಇದನ್ನು ಬಿಟ್ಟುಬಿಡು, ಉಳಿದದ್ದನ್ನು ಹೇಳು.

ನನಗೆ ಶಾಲು ಹೊದಿಸಿದಿರಿ. ಯಾವುದಕ್ಕೆ? ಸನ್ಮಾನಪತ್ರದಲ್ಲಿ ಓದಿದಿರಿ: ಮಾರ್ಚ್ ತಿಂಗಳ ಬಯಲು ಉತ್ಸವದಲ್ಲಿ, ಸ್ಕಾಟ್ಲೆಂಡಿನ ಹಳೆಯ ಜನಪದ ಧಾಟಿಯನ್ನು ಬ್ಯಾಗ್‌ಪೈಪಿನ ನೆರವೇ ಇಲ್ಲದೆ ಕೀಬೋರ್ಡಿನಲ್ಲಿ ನುಡಿಸಿ ಜನರನ್ನು ಕುಣಿಸಿದ ಶ್ರೀಮತಿ ಅಂಬುಜಾ ಅವರಿಗೆ. ಕೇಳಲು ಚೆನ್ನಾಗಿದೆ. ಆ ‘ನೆರವೇ ಇಲ್ಲದೆ’ ಇದೆಯಲ್ಲ, ಅದು ಸುಳ್ಳು.

ಈ ದೇಶಕ್ಕೆ ಬಂದ ಹೊಸದರಲ್ಲಿ ನಾನು ಕಿವಿಹಣ್ಣಿನ ಪ್ಯಾಕ್‌ಹೌಸಿನಲ್ಲಿ ಹಣ್ಣು ಆರಿಸುತ್ತಿದ್ದೆ. ಎದುರಿಗೆ ನಿಲ್ಲುತ್ತಿದ್ದವರು ಐಲ್ಸಾ. ಮಾಲೀಕರು ನಮ್ಮ ಊಟದ ಬಿಡುವಿನಲ್ಲಿ ಹತ್ತು ನಿಮಿಷ ಕತ್ತರಿಸಿದಾಗ ಗೇಟಿನೆದುರು ನಿಂತು ಬ್ಯಾಗ್‌ಪೈಪು ಊದಿ ಪ್ರತಿಭಟಿಸಿದವರೂ ಅವರೇ. ಮೂರನೆಯ ದಿನಕ್ಕೆ ಹತ್ತು ನಿಮಿಷ ಹಿಂದಕ್ಕೆ ಬಂತು. ಆ ಬಿಡುವಿನಲ್ಲೇ ಅವರು ನನಗೆ ಈ ಧಾಟಿ ಕಲಿಸಿದರು. ಪೈಪಿನವರಲ್ಲೊಂದು ಪದ್ಧತಿ ಇದೆ. ನಮ್ಮ ತಬಲಾದವರು ಬೋಲು ಹೇಳುವಂತೆ, ಧಾಟಿಯನ್ನು ಮೊದಲು ಬಾಯಲ್ಲಿ ಹಾಡಿ ಕಲಿಸುತ್ತಾರೆ. ‘ಹೀ ಹರಿನ್, ಹೊದಿನ್ ಹೋ’ ಎಂದು ಅವರು ಹಾಡುವುದು, ಚಪಾತಿ ಬಾಯಲ್ಲಿಟ್ಟುಕೊಂಡು ನಾನು ಒಪ್ಪಿಸುವುದು. ಅದು ಅವರ ಅಪ್ಪ ಅವರಿಗೆ ಬಾಯಲ್ಲಿ ಕೊಟ್ಟ ಧಾಟಿ.

ಆಮೇಲೆ ಬ್ಯಾಂಡು ಕಟ್ಟಿದೆವು. ಅವರ ಪೈಪು, ಇಲ್ಲಿ ಕುಳಿತಿರುವ ಜಯಂತನ ಎಲೆಕ್ಟ್ರಿಕ್ ಗಿಟಾರು, ಡ್ರಮ್ ಸೆಟ್ಟು, ನನ್ನ ಕೀಬೋರ್ಡು. ತೊಡಕು ಒಂದೇ. ಅವರ ಪೈಪಿನ ಶ್ರುತಿ ನನ್ನ ಕೀಬೋರ್ಡಿನ ಎರಡು ಮನೆಗಳ ನಡುವೆ ನಿಲ್ಲುತ್ತದೆ. ಹಾಗಾಗಿ ಅವರು ಊದುವಾಗ ನಾನೂ ಜಯಂತನೂ ಕೈಕಟ್ಟಿ ಕೂರುತ್ತಿದ್ದೆವು. ಉತ್ಸವದವರು ಎಲ್ಲ ವಾದ್ಯಗಳೂ ಒಟ್ಟಿಗೆ ಬೇಕೆಂದರು. ಒಟ್ಟಿಗೆ ಬಾರಿಸಿದರೆ ಕಿವಿ ಮುಚ್ಚಿಕೊಂಡರು. ಆ ಹೆಂಗಸಿನ ಪೈಪು ಶ್ರುತಿ ತಪ್ಪಿದೆ, ಬಿಟ್ಟುಬಿಡಿ ಎಂದರು.

ಸಭಿಕರೇ, ಎರಡು ವಾದ್ಯ ಹೊಂದದಿದ್ದರೆ ತಪ್ಪಿದ್ದು ಯಾವುದು? ಯಾವಾಗಲೂ ಹಳೆಯದೇ ಏಕೆ? ಬಡವರದೇ ಏಕೆ? ಇದನ್ನು ನಾನು ಅಲ್ಲಿ ಕೇಳಬೇಕಿತ್ತು. ಇಪ್ಪತ್ತು ವರ್ಷ ಬೀದಿಯಲ್ಲಿ ಘೋಷಣೆ ಕೂಗಿದ ಗಂಟಲು ಇದು. ಕೇಳಲಿಲ್ಲ. ಕೀಬೋರ್ಡಿನಲ್ಲಿ ‘ಬ್ಯಾಗ್‌ಪೈಪ್’ ಎಂದೊಂದು ಗುಂಡಿ ಇದೆ. ಅದನ್ನು ಒತ್ತಿದೆ. ವೇದಿಕೆಯ ಮೆಟ್ಟಿಲ ಬಳಿ ಪೈಪನ್ನು ಕಂಕುಳಲ್ಲಿಟ್ಟುಕೊಂಡು ಅವರು ನಿಂತಿದ್ದರು. ಅವರ ಅಪ್ಪನ ಧಾಟಿ ನನ್ನ ಡಬ್ಬಿಯಿಂದ ಹೊರಟಿತು.

ಇಳಿದು ಬಂದಾಗ ಅವರು ಹೇಳಿದ್ದು ಇಷ್ಟು: “ಚೆನ್ನಾಗಿ ನುಡಿಸಿದಿರಿ ಅಂಬು. ಇನ್ನು ನಾನು ಬರಬೇಕಾಗಿಲ್ಲ, ಅಲ್ಲವೇ?”

ನಾನು ‘ಥ್ಯಾಂಕ್ಯೂ’ ಎಂದೆ. ಹೊಗಳಿಕೆಯೆಂದು ತಿಳಿದೆನೇ? ಇಲ್ಲ. ತಿಳಿದೂ ತಿಳಿಯದವಳಂತೆ ನಿಂತೆ. ಎಂಟು ತಿಂಗಳಿಂದ ಅವರು ಬ್ಯಾಂಡಿಗೆ ಬಂದಿಲ್ಲ.

ಶಿವಾನಿ, ತಡವರಿಸಬೇಡ. ಒಂದಕ್ಷರ ಬಿಡದೆ ಹೇಳು. ಮುಂದಿನದನ್ನು ನಿನಗೂ ನಾನು ಹೇಳಿಲ್ಲ.

ಇದು ನನ್ನ ಮೊದಲ ತಪ್ಪಲ್ಲ. ಧಾರವಾಡದಲ್ಲಿ ನಮ್ಮದೊಂದು ಹೋರಾಟದ ಹಾಡಿನ ತಂಡವಿತ್ತು. ಭೂಮಿ ಕೇಳುವ ಮೆರವಣಿಗೆಗಳಲ್ಲಿ ಗಂಗವ್ವ ಎಂಬ ಕೂಲಿ ಹೆಣ್ಣುಮಗಳು ಮುಂದೆ ಹಾಡುತ್ತಿದ್ದರು. ಆ ದನಿಗೆ ಪೊಲೀಸರೂ ಲಾಠಿ ಕೆಳಗಿಟ್ಟು ನಿಂತದ್ದನ್ನು ಕಂಡಿದ್ದೇನೆ. ನಾನು ಹಾರ್ಮೋನಿಯಂ ತಂದೆ. ನನ್ನ ಮನೆಯಲ್ಲಿ ಹಾರ್ಮೋನಿಯಂ ಇತ್ತು, ಅವರ ಕೇರಿಯಲ್ಲಿ ಇರಲಿಲ್ಲ. ಅವರ ದನಿ ಅದರ ಕರಿ ನಾಲ್ಕನೆಯ ಮನೆಗೂ ಬಿಳಿ ಆರನೆಯ ಮನೆಗೂ ನಡುವೆ ನಿಲ್ಲುತ್ತಿತ್ತು.

“ಅಕ್ಕಾರ, ನಿಮ್ಮ ಪೇಟಿ ನನ್ನ ದನಿ ಹಿಡಿಯಾಂಗಿಲ್ರಿ,” ಎಂದರು.

“ಪೇಟಿ ಬಗ್ಗಂಗಿಲ್ಲ ಗಂಗವ್ವ, ನೀನ ಒಂಚೂರು ಮ್ಯಾಲ ಬಾ,” ಎಂದೆ.

ನನಗಿಂತ ಮೂವತ್ತು ವರ್ಷ ಹಿರಿಯರಿಗೆ ‘ನೀನು’. ಅವರು ನನಗೆ ‘ರೀ’. ಬಾಯಲ್ಲಿ ಮಾತ್ರ ಸಮಾನತೆಯ ಹಾಡು. ಅವರು ಮೇಲೆ ಬಂದರು. ನಡುಸಭೆಯಲ್ಲಿ ದನಿ ಒಡೆಯಿತು, ಯಾರೋ ನಕ್ಕರು. ಮರುವಾರ ಅವರು ಬರಲಿಲ್ಲ. ಕರೆಯಲು ನಾನೂ ಹೋಗಲಿಲ್ಲ. ಇವತ್ತು ಹೋಗೋಣವೆಂದರೆ ಗಂಗವ್ವ ಇಲ್ಲ.

ಐಲ್ಸಾ ಇದ್ದಾರೆ. ಅದಕ್ಕೇ ಮಾತಾಡುತ್ತಿದ್ದೇನೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಮುಗಿಸುತ್ತೇನೆ. ಶಾಲು ಹಿಂತಿರುಗಿಸುವ ನಾಟಕ ಆಡುವುದಿಲ್ಲ. ಇವತ್ತು ಬೆಳಿಗ್ಗೆ ನಾನೂ ಜಯಂತನೂ, ಫೋನಿನಲ್ಲಿದ್ದ ಐಲ್ಸಾ ಅವರ ಹಳೆಯ ಧ್ವನಿಮುದ್ರಣ ಹಾಕಿಕೊಂಡು, ನಮ್ಮ ವಾದ್ಯಗಳನ್ನು ಅವರ ಶ್ರುತಿಗೆ ಏರಿಸಿದೆವು. ಗಿಟಾರಿನ ಎರಡು ತಂತಿ ಹರಿದವು, ಜಯಂತ ಬೈದುಕೊಂಡ. ಕೀಬೋರ್ಡಿಗೆ ಬೇಕಾದದ್ದು ಐದು ನಿಮಿಷ. ಐದೇ ನಿಮಿಷ, ಸಭಿಕರೇ. ಅದು ಬಗ್ಗುತ್ತಿತ್ತು. ಬಗ್ಗದೆ ಇದ್ದವಳು ನಾನು.

ಐಲ್ಸಾ ಅವರೇ, ಪೈಪು ಹೊರಗೆ ನಿಮ್ಮ ಗಾಡಿಯಲ್ಲಿದೆ ಎಂದು ಶಿವಾನಿ ಹೇಳಿದ್ದಾಳೆ. ಹವೆ ಬದಲಾದಂತೆ ಅದರ ಶ್ರುತಿಯೂ ಜರುಗುತ್ತದೆ ಎಂದು ನೀವೇ ಕಲಿಸಿದ್ದೀರಿ. ಇವತ್ತು ಅದು ಎಲ್ಲಿದೆಯೋ ಅಲ್ಲಿಗೆ ನಾವು ಬರುತ್ತೇವೆ. ನೀವು ಒಲ್ಲೆ ಎಂದರೆ ಆ ಧಾಟಿಯನ್ನು ನಾವು ನುಡಿಸುವುದಿಲ್ಲ, ಇವತ್ತೂ ಇಲ್ಲ, ಎಂದೂ ಇಲ್ಲ.

ಅವರು ಎದ್ದರು. ಬಾಗಿಲ ಕಡೆ ನಡೆದಿದ್ದಾರೆ. ಪೈಪಿಗೋ, ಮನೆಗೋ, ನನಗೆ ಗೊತ್ತಿಲ್ಲ. ಕೋಟು ಕುರ್ಚಿಯ ಮೇಲೇ ಇದೆ. ಹಿಂದೆ ನಿಂತವರು ದಯವಿಟ್ಟು ದಾರಿ ಬಿಡಿ. ಶಿವಾನಿ, ಹಿಂದೆ ಓಡಬೇಡ, ಕೂತುಕೋ. ಜಯಂತ, ಗಿಟಾರು ತೆಗೆದುಕೊ, ಆದರೆ ಬಾರಿಸಬೇಡ. ಮೊದಲ ಸ್ವರ ಅವರದು.

ಊಟ ತಡವಾಗುತ್ತದೆ, ಕ್ಷಮಿಸಿ. ಇಷ್ಟು ಹೊತ್ತು ಸಹಿಸಿದ್ದಕ್ಕೆ, ಇನ್ನು ನನ್ನೊಂದಿಗೆ ಕಾಯಲಿರುವುದಕ್ಕೆ ವಂದನೆಗಳು. ನಮಸ್ಕಾರ.