ನಲವತ್ತೆರಡು ಮನೆಯ ಒಂದೇ ಉತ್ತರ

ಒಂದೂರಲ್ಲಿ ಒಂದು ಕಾಲೇಜು, ಆ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವ ಒಬ್ಬ ಅಧ್ಯಾಪಕ ಇದ್ದ. ಕೆಟ್ಟವನಲ್ಲ, ನೋಡಿ. ಹೊತ್ತಿಗೆ ಸರಿಯಾಗಿ ಬರುತ್ತಿದ್ದ, ಸಿಲೆಬಸ್ ಮುಗಿಸುತ್ತಿದ್ದ, ಇಪ್ಪತ್ತು ವರ್ಷದಿಂದ ನೀರಿನ ಪಾಠವನ್ನು ಪುಸ್ತಕ ತೆರೆಯದೆಯೇ ಹೇಳುತ್ತಿದ್ದ. ನೀರಿನಲ್ಲಿ ಏನೇನು ಕರಗಿರುತ್ತದೆ, ಅದರಲ್ಲಿ ಯಾವುದು ಮೂಳೆಗೆ ಹೋಗಿ ಕೂರುತ್ತದೆ, ಎಲ್ಲ ಬಾಯಿಪಾಠ. ಕಾಲೇಜಿನ ಹಿಂದಿನ ಓಣಿಯವರು ಯಾವ ನೀರು ಕುಡಿಯುತ್ತಾರೆ ಎಂಬುದೊಂದು ಮಾತ್ರ ಗೊತ್ತಿರಲಿಲ್ಲ. ನಗುತ್ತಿದ್ದೀರಿ. ನಗಿ, ನಗಿ. ಮುಂದೆ ನಗು ಬರುವುದಿಲ್ಲ.

ಆ ವರ್ಷ ಅಲ್ಲಿಯ ಅಧ್ಯಾಪಕರಿಗೊಂದು ತರಬೇತಿ ನಡೆಯಿತು, ಈಗ ನಮ್ಮ ಮಠದಲ್ಲಿ ನಿಮಗೆ ನಡೆಯುತ್ತಿದೆಯಲ್ಲ ಮೇಷ್ಟ್ರುಗಳೇ, ಹಾಗೆಯೇ. ಕಲಿಸಲು ಬಂದ ಹಿರಿಯ ಮೇಡಂ ಎಲ್ಲರ ಕೈಗೂ ಖಾಲಿ ಫಾರಂ ಕೊಟ್ಟು ಹೇಳಿದರು: "ಮೂರು ದಿನ ಯಾರೂ ಪಾಠ ಮಾಡಬ್ಯಾಡ್ರಿ. ಒಂದೊಂದು ಓಣಿಗೆ ಹೋಗ್ರಿ, ಜನ ಹೇಳಿದ್ದು ಬರಕೊಂಡು ಬರ್ರಿ. ಆಮ್ಯಾಲೆ ಅದರ ಮ್ಯಾಲೆ ನಿಮ್ಮ ಪಾಠ ಕಟ್ಟೋಣು, ಹುಡುಗರನ್ನೂ ಅಲ್ಲಿಗೇ ಕರಕೊಂಡು ಹೋಗೋಣು."

ನಮ್ಮ ಅಧ್ಯಾಪಕನಿಗೆ ಬಂದದ್ದು ಆ ಹಿಂದಿನ ಓಣಿಯೇ. ನಲವತ್ತೆರಡು ಮನೆ. ಹೊರಗೆ ಬಿಸಿಲು. ಅವನು ಏನು ಮಾಡಿದ? ಸ್ಟಾಫ್ ರೂಮಿನ ಫ್ಯಾನಿನ ಕೆಳಗೆ ಕೂತ. ಮತದಾರರ ಪಟ್ಟಿ ತರಿಸಿ ಹೆಸರು, ವಯಸ್ಸು ಇಳಿಸಿದ. ಕುಡಿಯುವ ನೀರು? 'ಚೆನ್ನಾಗಿದೆ' ಎಂದು ಬರೆದ. ತೊಂದರೆ? 'ಏನೂ ಇಲ್ಲ' ಎಂದು ಬರೆದ. ನಲವತ್ತೆರಡು ಸಲ ಬರೆದ. ಒಂದೇ ದಿನ ಬರೆದದ್ದು ಗೊತ್ತಾಗಬಾರದಲ್ಲ, ಅದಕ್ಕೆ ಅರ್ಧಕ್ಕೆ ನೀಲಿ ಪೆನ್ನು, ಅರ್ಧಕ್ಕೆ ಕಪ್ಪು ಪೆನ್ನು. ಇಷ್ಟು ಜಾಣತನ ಕಲಿತವರಿಗೆ ಮಾತ್ರ ಬರುತ್ತದೆ, ಓದು ಬಾರದವರಿಗೆ ಎಲ್ಲಿಂದ ಬರಬೇಕು!

ಮೇಡಂ ಫಾರಂ ನೋಡಿ ಹೊಗಳಿದರು. ಹೊಗಳಿ ಒಂದು ಮಾತು ಸೇರಿಸಿದರು: "ಇನ್ನ ಮನಿಮನಿಗೆ ಹೋಗಿ, ನೀವು ಬರಕೊಂಡಿದ್ದನ್ನ ಅವರಿಗೇ ಓದಿ ಹೇಳ್ರಿ. ತಪ್ಪಿದ್ರ ಅವರೇ ತಿದ್ದತಾರ."

ಅಧ್ಯಾಪಕ ಇಕ್ಕಟ್ಟಿಗೆ ಸಿಕ್ಕಿದ. ಎಲ್ಲರ ಎದುರು ಮಾನ ಹೋಗುವುದು ಬೇಡ, ಮೊದಲು ತಾನೊಬ್ಬನೇ ಹೋಗಿ ಸರಿಮಾಡಿಕೊಂಡು ಬರೋಣ ಎಂದು ಮಧ್ಯಾಹ್ನ ಓಣಿಗೆ ನಡೆದ. ಸುಡುಬಿಸಿಲು. ನಾಯಿ ಬೊಗಳಲಿಲ್ಲ, ಕೋಳಿ ಕೆದರಲಿಲ್ಲ. ಮೊದಲ ಮನೆಯ ಕಟ್ಟೆಯ ಮೇಲೆ ಒಬ್ಬ ಮುದುಕ ಕೂತಿದ್ದ.

"ಅಜ್ಜಾ, ನೀರ ಹ್ಯಾಂಗ ಅದಾವು?"

"ಕುಡಿಯುವ ನೀರು ಚೆನ್ನಾಗಿದೆ. ತೊಂದರೆ ಏನೂ ಇಲ್ಲ," ಎಂದ ಅಜ್ಜ.

ಅಧ್ಯಾಪಕನಿಗೆ ಹಾಯೆನಿಸಿತು. ಎರಡು ಹೆಜ್ಜೆ ಹೋದ ಮೇಲೆ ಏನೋ ಚುಚ್ಚಿತು. ಆ ಸೀಮೆಯಲ್ಲಿ ಯಾರಾದರೂ ಹೀಗೆ ಮಾತಾಡುತ್ತಾರೆಯೇ? ಅಲ್ಲಿ 'ಚಲೋ ಅದಾವ್ರೀ' ಎನ್ನುತ್ತಾರೆ. ಎರಡನೆಯ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಹೆಂಗಸನ್ನು ಕೇಳಿದ. ಅವಳು ತಲೆ ಎತ್ತದೆ, "ಕುಡಿಯುವ ನೀರು ಚೆನ್ನಾಗಿದೆ. ತೊಂದರೆ ಏನೂ ಇಲ್ಲ." ಮೂರನೆಯ ಮನೆಯಲ್ಲಿಯೂ ಅದೇ ಮಾತು, ಅದೇ ಸ್ವರ. ನಾಲ್ಕನೆಯ ಮನೆಯವರು ಅವನು ಕೇಳುವ ಮೊದಲೇ ಹೇಳಿದರು.

ಐದನೆಯ ಮನೆಯಲ್ಲಿ ಗಿರಿಮಲ್ಲವ್ವ ಎಂಬ ಬಸುರಿ ಹೆಂಗಸು ನಾಲ್ಕು ವರ್ಷದ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಾಗಿಲಲ್ಲಿ ಕೂತಿದ್ದಳು. ಕೂಸಿನ ಎರಡೂ ಕಾಲು ಮೊಣಕಾಲಿನ ಹತ್ತಿರ ಹೊರಗೆ ಬಾಗಿದ್ದವು. ಅವಳು ಅವನ ಕೈ ಹಿಡಿದು ಆ ಕಾಲಿನ ಮೇಲೆ ಇಟ್ಟಳು. ಪಕ್ಕದ ಕೊಡ ತೋರಿಸಿದಳು. ಹೇಳಬೇಕೆಂದು ಬಾಯಿ ತೆರೆದಳು.

"ಚೆನ್ನಾಗಿದೆ," ಎಂದಳು.

ಅವಳ ಕಣ್ಣಲ್ಲಿ ನೀರು ಸುರಿಯಿತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಆಗ ತೊಡೆಯ ಮೇಲಿನ ಕೂಸು ಅವನನ್ನೇ ನೋಡುತ್ತಾ, "ತೊಂದರೆ ಏನೂ ಇಲ್ಲ," ಎಂದಿತು.

ನೋಡಿ, ಅವನು ಆ ಜನರ ಬಾಯಲ್ಲಿ ತನ್ನ ಮಾತು ತುಂಬಿ ಬಂದಿದ್ದ. ಈಗ ಅವರಿಗೆ ಬೇರೆ ಮಾತೇ ಉಳಿದಿರಲಿಲ್ಲ. ಅವನು ಕೈಯಲ್ಲಿದ್ದ ಫಾರಂಗಳನ್ನೆಲ್ಲ ಹರಿದು ಚೂರು ಮಾಡಿದ. ಏನೂ ಆಗಲಿಲ್ಲ. ಜನ ಒಬ್ಬೊಬ್ಬರೇ ಬಾಗಿಲಿಗೆ ಬಂದು ನಿಂತರು. ಅವನು ಬೀದಿಯ ನಡುವೆ ನಿಂತು ಕೂಗಿದ, "ಇದು ಫ್ಲೋರೈಡ್! ಇದು ಮೂಳೆಯನ್ನು ಬಗ್ಗಿಸುತ್ತದೆ!" ನಲವತ್ತೆರಡು ಮನೆಯ ಬಾಗಿಲಿನಿಂದ ಒಟ್ಟಿಗೆ ಬಂತು: "ಇದು ಫ್ಲೋರೈಡ್. ಇದು ಮೂಳೆಯನ್ನು ಬಗ್ಗಿಸುತ್ತದೆ." ಅವನು ಕೈ ಮುಗಿದು, "ತಪ್ಪು ನನ್ನದು," ಎಂದ. ಅವರೂ ಕೈ ಮುಗಿದರು. "ತಪ್ಪು ನನ್ನದು," ಎಂದರು. ಅಯ್ಯೋ, ಆ ತಾಯಿಯೂ ಅಂದಳು.

ಅವನು ಅಲ್ಲೇ ಗಿರಿಮಲ್ಲವ್ವನ ಬಾಗಿಲ ಮುಂದೆ ನೆಲಕ್ಕೆ ಕುಸಿದ. ಗಂಟಲು ಒಣಗಿತ್ತು. ಅವಳು ಕೊಡದಿಂದ ಒಂದು ತಂಬಿಗೆ ನೀರು ತಂದಳು. ಅದರಲ್ಲಿ ಏನಿದೆ ಎಂದು ಆ ಓಣಿಯಲ್ಲಿ ಅವನಷ್ಟು ತಿಳಿದವರು ಯಾರೂ ಇರಲಿಲ್ಲ. ಆದರೂ ಕುಡಿದ. ಕುಡಿದು ಸುಮ್ಮನಾದ. ಇಪ್ಪತ್ತು ವರ್ಷ ಪಾಠ ಹೇಳಿದ ನಾಲಿಗೆ ಅದು, ಸುಮ್ಮನೆ ಇರುತ್ತದೆಯೇ? ಹತ್ತು ಸಲ ಮಾತು ಬಾಯಿಗೆ ಬಂತು, ಹತ್ತು ಸಲ ನುಂಗಿಕೊಂಡ. ಬಿಸಿಲು ಗೋಡೆಯಿಂದ ಇಳಿದು ಅಂಗಳ ದಾಟಿತು. ಅವನು ಕೂತೇ ಇದ್ದ.

"ನಾಕ ವರ್ಷ ಆತ್ರೀ," ಎಂದಳು ಗಿರಿಮಲ್ಲವ್ವ.

ತನ್ನ ದನಿ ಕೇಳಿ ತಾನೇ ಬೆಚ್ಚಿದಳು. ಆಮೇಲೆ ನಿಲ್ಲಲಿಲ್ಲ. "ನನ್ನ ಮಗಳು ನೆಟ್ಟಗ ನಿಂತಿಲ್ಲರೀ. ದವಾಖಾನ್ಯಾಗ ಗುಳಗಿ ಕೊಟ್ಟು ಕಳಸ್ತಾರ. ಮದಲ ಹಳೇ ಬಾವಿ ನೀರ ಕುಡೀತಿದ್ವಿ, ಆಗ ಓಣ್ಯಾಗ ಯಾರ ಕಾಲೂ ಹಿಂಗ ಇದ್ದಿಲ್ಲ. ಬೋರ್ ಹಾಕಿದ ಮ್ಯಾಗ ಬಾವ್ಯಾಗ ಕಸಾ ತುಂಬಿದ್ರು. ಹೊಟ್ಯಾಗ ಇನ್ನೊಂದೈತ್ರೀ. ಇದಕ್ಕರೆ ಚಲೋ ನೀರ ಸಿಗತಾವೇನ್ರೀ?"

ಹಳೆಯ ಬಾವಿ! ಇಪ್ಪತ್ತು ವರ್ಷದ ಪಾಠದಲ್ಲಿ ಇಲ್ಲದ ಮಾತು ಅದು. ಮರುದಿನ ಅವನು ಹುಡುಗರನ್ನು ಸೀಸೆಗಳ ಸಮೇತ ಕರೆತಂದ. ತಮ್ಮ ತಮ್ಮ ಮಾತು ಮರಳಿ ಬಂದಿದ್ದ ಓಣಿಯವರು ದಾರಿ ತೋರಿಸಿದರು, ಹುಡುಗರು ನೀರು ಪರೀಕ್ಷಿಸಿದರು, ಎಲ್ಲರೂ ಸೇರಿ ಬಾವಿಯ ಕಸ ಎತ್ತಿದರು. ಆ ಬಾವಿಯ ನೀರು ಒಳ್ಳೆಯದಿತ್ತು. ಎರಡನೆಯ ಕೂಸು ವರ್ಷ ತುಂಬುವುದರೊಳಗೆ ಗೋಡೆ ಹಿಡಿದು ನಡೆಯಿತು. ಮೊದಲನೆಯವಳ ಕಾಲು? ನೆಟ್ಟಗಾಗಲಿಲ್ಲ. ನಿಮ್ಮನ್ನು ಸಮಾಧಾನ ಮಾಡಲು ನಾನು ಸುಳ್ಳು ಹೇಳುವುದಿಲ್ಲ.

ಇದು ಕಥೆ, ಎಲ್ಲಿಯೋ ನಡೆದದ್ದು ಎನ್ನುತ್ತೀರಿ. ಹೌದೇ? ನೀವು ತರಗತಿಯಲ್ಲಿ 'ಅರ್ಥವಾಯಿತೇ' ಎಂದು ಕೇಳುತ್ತೀರಿ. ಅರವತ್ತು ಬಾಯಿ ಒಟ್ಟಿಗೆ 'ಆಯ್ತು ಸರ್' ಎನ್ನುತ್ತವೆ. ಒಂದೇ ಮಾತು, ಒಂದೇ ಸ್ವರ. ಅದನ್ನು ಕೇಳಿ ನಿಮಗೆ ಒಂದು ದಿನವಾದರೂ ಹೆದರಿಕೆಯಾಗಿದೆಯೇ? ನನಗೆ ಆಗುತ್ತದೆ, ಮೇಷ್ಟ್ರುಗಳೇ. ಮಠದ ಕಿಟಕಿಯಿಂದ ಕೇಳಿಸಿದಾಗಲೆಲ್ಲ ಆಗುತ್ತದೆ.

ಹಾಗಾದರೆ ಏನು ಮಾಡಬೇಕು? ದೊಡ್ಡದೇನೂ ಬೇಡ. ಪಾಠ ಬರೆಯುವ ಮೊದಲು ಓಣಿಗೆ ಹೋಗಿ. ಒಂದು ಪ್ರಶ್ನೆ ಕೇಳಿ ಬಾಯಿ ಮುಚ್ಚಿಕೊಳ್ಳಿ. ಉತ್ತರ ಬರುವುದು ತಡವಾದರೆ ಕೂತಿರಿ. ಬರೆದದ್ದನ್ನು ಅವರಿಗೇ ಓದಿ ಹೇಳಿ, ತಿದ್ದಿಸಿಕೊಳ್ಳಿ. ನಾಳೆಯಿಂದ ಎನ್ನಬೇಡಿ. ಈಗ ಪ್ರಸಾದಕ್ಕೆ ಏಳುತ್ತೀರಲ್ಲ, ಅಲ್ಲಿ ಬಡಿಸುವ ತಾಯಿಯ ಕೈಯಿಂದ ಹತ್ತು ವರ್ಷದಿಂದ ಉಣ್ಣುತ್ತಿದ್ದೀರಿ. ಅವಳು ಯಾವ ಓಣಿಯವಳು, ಅವಳ ಮನೆಗೆ ನೀರು ಎಲ್ಲಿಂದ ಬರುತ್ತದೆ, ನಿಮ್ಮಲ್ಲಿ ಯಾರಿಗೆ ಗೊತ್ತು? ಇವತ್ತು ಎಲೆಯ ಮುಂದೆ ಕೂತಾಗ ಅದೊಂದನ್ನು ಕೇಳಿ. ಅವಳು ಹೇಳಿ ಮುಗಿಸುವವರೆಗೆ ಅನ್ನಕ್ಕೆ ಕೈ ಹಾಕಬೇಡಿ.