ರಂಗೋಲಿಯಲ್ಲಿ ಬರೆದ ಮನೆ

ತೊಂಬತ್ತೆಂಟರ ಬೇಸಿಗೆ, ಭಾನುವಾರ ಸಂಜೆ. ದಟ್ಟಗಳ್ಳಿ ಬಸ್‌ಸ್ಟಾಪಿನಲ್ಲಿ ಬೆಟ್ಟದ ಬಸ್ಸಿಗೆ ಕಾಯುತ್ತಿದ್ದ ಸುಂದರಮ್ಮನ ಪಕ್ಕಕ್ಕೆ ಗಂಡಹೆಂಡತಿ ಇಬ್ಬರು ಬಂದು ಕೂತರು. ಹೆಂಡತಿಯ ಮಡಿಲಲ್ಲಿ ರಂಗೋಲಿ ಪುಡಿಯ ಡಬ್ಬವಿತ್ತು.

“ನಮ್ಮ ಸೈಟಲ್ಲಿ ಯಾರೋ ಪಾಯ ತೆಗೀತಿದಾರೆ. ನೀವು ಸುಮ್ನೆ ನೋಡ್ತಾ ನಿಂತಿದ್ರಿ.”

“ಮಾರ್ಬುಟ್ಟೆ ಕಣೆ ಪ್ರೇಮಾ. ತಮ್ಮಂಗೆ ಅಂಗಡಿ ಹಾಕ್ಕೊಡ್ಬೇಕಿತ್ತು.”

“ಯಾವಾಗ?”

“ಶಿವರಾತ್ರಿ ಆದ್ಮೇಲೆ.”

ಈಗ ಬಸವ ಜಯಂತಿಯೂ ಕಳೆದಿತ್ತು. ಸುಂದರಮ್ಮ ಮನಸ್ಸಿನಲ್ಲೇ ತಿಂಗಳು ಲೆಕ್ಕ ಹಾಕಿದಳು.

“ಆಮೇಲೂ ಪ್ರತಿ ಭಾನುವಾರ ಬಂದ್ರಲ್ರೀ. ನಾನು ನೆಲದ ಮೇಲೆ ರಂಗೋಲೀಲಿ ಅಡಿಗೆಮನೆ, ನಡುಮನೆ ಅಂತ ಬರೀತಿದ್ರೆ, ಟೇಪಿನ ಆ ತುದಿ ಹಿಡ್ಕೊಂಡ್ರಿ.”

“ಹೇಳೋಕೆ ಬಾಯಿ ಬರ್ಲಿಲ್ಲ. ನೀನು ಗೆರೆ ಎಳೆಯೋವಾಗ ಮಾರಿದ್ದು ನಂಗೂ ಮರ್ತೋಗ್ತಿತ್ತು.”

“ಪಾಯ ನನ್ನ ಗೆರೆ ಮೇಲೇ ತೆಗ್ದಿದಾರೆ. ಒಂದಂಗುಲ ಆಚೀಚೆ ಆಗಿಲ್ಲ.”

“ಸೈಟು ತಗೊಂಡೋರು ಬಂದು ನೋಡಿದ್ರು. ನೀನು ಬರ್ದಿದ್ದು ಹಿಡಿಸ್ತು ಅಂದ್ರು.”

ಆಕೆ ಡಬ್ಬದ ಮುಚ್ಚಳ ಒತ್ತಿ ಭದ್ರ ಮಾಡಿದಳು.

“ದೇವ್ರಮನೆ ಇಕ್ಕಟ್ಟಾಯ್ತು, ಒಂದಡಿ ಜಾಸ್ತಿ ಎಳಿ ಅಂದ್ರಲ್ಲ ನೀವು ಹೋದ ವಾರ?”

“ಹೂಂ.”

“ನಾನು ಅಳಿಸಿ ಬರ್ದೆ. ನಿಮಗೂ ಮನೆ ಮೇಲೆ ಆಸೆ ಹುಟ್ತಲ್ಲ ಅಂತ ಖುಷಿಯಾಗಿತ್ತು. ಅದು ನಿಮ್ಮ ಮಾತಾ, ಅವ್ರು ಹೇಳಿ ಕಳಿಸಿದ್ದಾ?”

ಸುಂದರಮ್ಮ ತನಗೇ ಗೊತ್ತಿಲ್ಲದಂತೆ ಅವನ ಕಡೆ ತಿರುಗಿದಳು. ಅಷ್ಟರಲ್ಲಿ ವಿದ್ಯಾರಣ್ಯಪುರಂ ಬಸ್ಸು ಬಂತು. ಅವನು ಅವಸರದಲ್ಲಿ ಎದ್ದು, ಹಿಂದಿನ ಬಾಗಿಲಲ್ಲಿ ಹತ್ತಿಬಿಟ್ಟ.

ಪ್ರೇಮಾ ಅವನು ಹತ್ತುವುದನ್ನು ಪೂರ್ತಿ ನೋಡಿ, ಆಮೇಲೆ ಮುಂದಿನ ಬಾಗಿಲಿಗೆ ಹೋದಳು.